ಗವಂತಿಯ ದಾರಿ, ಗಣಕದ ದಾರಿ

(ನೇಸರಗಿಯಲ್ಲಿ ಹೊಲಿಗೆ ಕಲಿಯುವ ಮಹಿಳೆಯರು ಹಾಗೂ ವಿದ್ಯಾರ್ಥಿನಿಯರ ಮುಂದೆ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಗಣಕಯಂತ್ರದ ಬಗ್ಗೆ ಮಾತಾಡಲು ಬಂದವರ ಕೈಯಲ್ಲಿ ಹಳೆಯ ಇಳಕಲ್ ಸೀರೆ ಯಾಕೆ ಎಂದು ನೀವು ಒಳಗೊಳಗೇ ನಗುತ್ತಿರಬಹುದು. ಇದು ನನ್ನ ಚಿಗವ್ವನ ಸೀರೆ. ಸೆರಗಿನಲ್ಲಿ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಇವೆ. ಕಸೂತಿ ಎಂದರೇನೆಂದು ನಿಮಗೆ ನಾನು ಹೇಳಬೇಕಿಲ್ಲ. ಬಟ್ಟೆಯ ಮೇಲೆ ಗೀಟು ಎಳೆಯದೆ, ಎಳೆ ಎಣಿಸಿ ಹೊಲಿಯುವ ಕೆಲಸ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕರಲ್ಲಿ ಇಂದು ಗವಂತಿಯೊಂದನ್ನೇ ಹಿಡಿಯೋಣ.

ಗವಂತಿಯಲ್ಲಿ ದಾರ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಸಾಗುತ್ತದೆ. ತುದಿ ಮುಟ್ಟಿ ಹಿಂದಿರುಗುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟಿಲ್ಲ, ಎರಡೂ ಮಗ್ಗುಲು ಒಂದೇ. ನಡುವೆ ಕವಲು ಬಂದರೆ ಅದರೊಳಗೆ ಹೋಗಿ, ತುದಿ ಮುಟ್ಟಿ, ಅದೇ ಕವಲಿಗೆ ಮರಳಿ, ಆಮೇಲೆ ಮುಂದಿನ ದಾರಿ. ಕವಲಿನೊಳಗೆ ಇನ್ನೊಂದು ಕವಲಿದ್ದರೆ ಮರಳಬೇಕಾದ ಎರಡು ಜಾಗಗಳನ್ನು ನೆನಪಿಡಬೇಕು. ಗಣಕದವರು ಇದೇ ಕ್ರಮವನ್ನು 'ಡೆಪ್ತ್ ಫಸ್ಟ್ ಸರ್ಚ್' ಎನ್ನುತ್ತಾರೆ. ಗಣಕ ಆ ಕವಲುಗಳನ್ನು ತಾಟುಗಳಂತೆ ಒಂದರ ಮೇಲೊಂದು ಪೇರಿಸಿ, ಕಡೆಗೆ ಇಟ್ಟದ್ದನ್ನು ಮೊದಲು ತೆಗೆಯುತ್ತದೆ. ಚಿಗವ್ವ ಅದನ್ನು ತಲೆಯಲ್ಲೇ ಪೇರಿಸುತ್ತಾಳೆ, ಜೊತೆಗೆ ಒಲೆಯ ಮೇಲಿನ ಹಾಲನ್ನೂ ನೋಡಿಕೊಳ್ಳುತ್ತಾಳೆ!

ಹೀಗೆ ಹೊರಟ ದಾರ ಹೊರಟಲ್ಲಿಗೇ ಬಂದೀತೆಂಬ ಭರವಸೆ ಏನು? ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿ ಬರಲಾಗದು ಎಂದು 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ತೋರಿಸಿದ. ಅಲ್ಲಿ ಪ್ರತಿ ದಡಕ್ಕೂ ಸೇರುವ ಸೇತುವೆಗಳ ಸಂಖ್ಯೆ ಬೆಸ. ಪ್ರತಿ ಸೇತುವೆಯನ್ನು ಎರಡು ಸಲ ದಾಟುವುದಾದರೆ ಬೆಸ ಸಮವಾಗುತ್ತದೆ, ತೊಡಕು ತೀರುತ್ತದೆ. ಗವಂತಿ ಪ್ರತಿ ಗೆರೆಯನ್ನೂ ಎರಡು ಸಲ ನಡೆಯುತ್ತದೆ.

ಮಗ್ಗಕ್ಕೂ ಗಣಕಕ್ಕೂ ನಂಟು ಹಳೆಯದು. ಫ್ರಾನ್ಸಿನ ಜಾಕಾರ್ಡ್ 1804ರ ಸುಮಾರಿಗೆ ತೂತಿನ ಪಟ್ಟಿಗಳಿಂದ ಮಗ್ಗಕ್ಕೆ ಚಿತ್ತಾರ ಹೇಳಿಕೊಟ್ಟ. ಇಂಗ್ಲೆಂಡಿನ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಅದೇ ಪಟ್ಟಿಯನ್ನು ಬಯಸಿದ. 1960ರ ದಶಕದಲ್ಲಿ ಚಂದ್ರಯಾನಕ್ಕೆ ಹೊರಟ ಅಪೊಲೊ ನೌಕೆಗಳ ಗಣಕದ ನೆನಪನ್ನು ಅಮೆರಿಕದ ಕಾರ್ಖಾನೆಯ ಹೆಂಗಸರು ಸೂಜಿಯಿಂದ ಪೋಣಿಸಿದರು. ತಂತಿ ಉಂಗುರದೊಳಗೆ ಹೋದರೆ 1, ಹೊರಗೆ ಹೋದರೆ 0.

2007ರಲ್ಲಿ ಲೇಹ್ ಬ್ಯೂಚ್ಲಿ ಎಂಬಾಕೆಯ 'ಲಿಲಿಪ್ಯಾಡ್' ಮಾರುಕಟ್ಟೆಗೆ ಬಂತು. ಅದು ಬಟ್ಟೆಗೆ ಹೊಲಿಯಬಹುದಾದ ಪುಟ್ಟ ಗಣಕ. ಅದಕ್ಕೆ ವಿದ್ಯುತ್ ಹರಿಯುವ, ಬೆಳ್ಳಿಯ ಲೇಪದ ದಾರ ಬಳಸುತ್ತಾರೆ. ಗಣಕವಿಲ್ಲದೆ ಬರಿಯ ದಾರ, ಗುಂಡಿಯಂಥ ಬ್ಯಾಟರಿ, ಎಲ್‌ಇಡಿ ದೀಪ ತಂದು ನಾನೂ ಗವಂತಿಯಲ್ಲಿ ಒಂದು ದೀಪಕಂಬ ಹೊಲಿದೆ. ದೀಪ ಹತ್ತಲಿಲ್ಲ, ಬ್ಯಾಟರಿ ಬಿಸಿಯಾಯಿತು. ನನ್ನ ಪತ್ರಿಕೋದ್ಯಮ ಡಿಪ್ಲೊಮಾ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಚಿಗವ್ವ ಬಟ್ಟೆ ತಿರುವಿ ನೋಡಿ ಅಂದಳು: "ದಾರಾ ಈ ಕಡೆಯಿಂದ ಆ ಕಡೆ ತನಕ ಒಂದ ಐತಿ. ದೀಪದಾಗ ಹೊಕ್ಕು ಹೋಗೂದು ಅದಕ್ಕ ಯಾಕ ಬೇಕು?"

ನಿಜ. ಕಸೂತಿಯಲ್ಲಿ ದಾರ ಕಡಿಯಬಾರದು, ಇಲ್ಲಿ ದೀಪದ ಬಳಿ ಕಡಿಯಲೇಬೇಕು. ಆಕೆ ಎರಡು ಬೇರೆ ದಾರ ಹಿಡಿದು, ಹಿಂಬದಿಯಲ್ಲಿಯೂ ಒಂದಕ್ಕೊಂದು ತಾಗದಂತೆ ಹೊಲಿದಳು. ದೀಪ ಹತ್ತಿತು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು.

ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ ಒಬ್ಬ ಅಂಗಡಿಯವರು ಈ ಸೆರಗಿನ ಫೋಟೊ ತೆಗೆದುಕೊಂಡರು. ತಿಂಗಳೊಳಗೆ ಅದೇ ತೇರು ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಮಾರಾಟಕ್ಕೆ ಬಂತು, 'ಕಸೂತಿ' ಎಂಬ ಚೀಟಿಯೊಂದಿಗೆ. ಫೋಟೊ ನೋಡಿ ಯಂತ್ರಕ್ಕೆ ಚಿತ್ತಾರ ಹಾಕಿದ ಹುಡುಗನಿಗೆ ಕೂಲಿ ಸಿಕ್ಕಿತು, ಚಿತ್ತಾರ ಎಣಿಸಿದವಳಿಗೆ ಚಹಾ ಸಿಕ್ಕಿತು. ಆ ಹುಡುಗನ ಕೆಲಸ ನಿಮ್ಮಲ್ಲಿ ಯಾರೂ ಕಲಿಯಬಹುದಾದದ್ದು. ಎಣಿಕೆ ನಿಮಗೆ ಮೊದಲೇ ಬರುತ್ತದೆ. ಯಂತ್ರದ ಹೊಲಿಗೆಗೆ ಮೇಲೊಂದು, ಕೆಳಗೆ ಬಾಬಿನ್ನಿನದೊಂದು, ಹೀಗೆ ಎರಡು ದಾರ ಬೇಕು. ಆದ್ದರಿಂದ ಹಿಂಬದಿ ಬೇರೆಯೇ ಕಾಣುತ್ತದೆ. ಕಸೂತಿ ಕೊಳ್ಳುವವರಿಗೆ ಬಟ್ಟೆ ತಿರುವಿ ತೋರಿಸಿ, ಆಮೇಲೆ ಬೆಲೆ ಹೇಳಿ.

ಪಡಸಾಲೆಯಲ್ಲಿ ಚೌಕುಳಿ ಹಾಳೆ, ಸೂಜಿ, ಬೆಳ್ಳಿ ದಾರ, ಬ್ಯಾಟರಿ ಇಟ್ಟಿದ್ದೇನೆ. ಚಿಗವ್ವನೂ ಅಲ್ಲೇ ಕೂತಿದ್ದಾಳೆ. ಬನ್ನಿ, ಮೊದಲು ಹಾಳೆಯ ಮೇಲೆ ದಾರಿ ಹಾಕೋಣ.