ದರ ಏರಿತು, ಗಂಟೆ ಏನಾಯಿತು?



ಕನಿಷ್ಠ ವೇತನದ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಬಣಗಳಾಗುತ್ತವೆ. ಏರಿಸಿದರೆ ಕೆಲಸ ಹೋಗುತ್ತದೆ ಎನ್ನುವವರು ಒಂದು ಕಡೆ, ಹೋಗುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಈ ಎರಡು ದಿನದ ಗೋಷ್ಠಿಗಳಲ್ಲಿ ಅದೇ ಜಗಳವನ್ನು ಮತ್ತೆ ಆಡುವುದು ಬೇಡ ಎಂಬುದು ನನ್ನ ಆಸೆ. ಕೆಲಸ ಉಳಿದುಕೊಂಡೂ ತಿಂಗಳ ಸಂಬಳ ಕರಗಬಹುದು. ಸಂಬಳ ಏರಿಯೂ ಮೈ ಸೋತು ಹೋಗಬಹುದು. ಇವೆರಡೂ ನಡೆಯುವುದು ದುಡಿಮೆಯ ಗಂಟೆಗಳಲ್ಲಿ. ಕನಿಷ್ಠ ವೇತನ ಏರಲೇಬೇಕು ಎಂದು ನಂಬಿದವನು ನಾನು. ಏರಿದ್ದು ದುಡಿಯುವವರ ಕೈಗೆ ಪೂರ್ತಿ ತಲುಪಬೇಕಾದರೆ ಗಂಟೆಯ ಲೆಕ್ಕವನ್ನು ಸರಿಯಾಗಿ ಇಡಬೇಕು ಎನ್ನುವುದೇ ಇವತ್ತು ನಾನು ಹೇಳಬೇಕಾದ ಮಾತು.

ಮೊದಲು ಹೊರಗಿನ ಉದಾಹರಣೆ ನೋಡೋಣ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ವಿಚಾರಿಸಿ, ಕೆಲಸ ಕಡಿಮೆಯಾಗಿಲ್ಲ ಎಂದು 1994ರಲ್ಲಿ ಬರೆದರು. ಆ ಪ್ರಬಂಧ ಪಠ್ಯಪುಸ್ತಕಗಳನ್ನೇ ಅಲುಗಾಡಿಸಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆ ಇಬ್ಬರ ಲೆಕ್ಕದ ಒಂದು ವಿವರವನ್ನು ಇಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳು ಗಮನಿಸಬೇಕು. ಪೂರ್ಣಾವಧಿಯವರನ್ನು ಒಂದು ಎಂದೂ, ಅರೆಕಾಲಿಕರನ್ನು ಅರ್ಧ ಎಂದೂ ಅವರು ಎಣಿಸಿದ್ದರು. ಅರೆಕಾಲಿಕ ಹುಡುಗನೊಬ್ಬನ ವಾರ ಇಪ್ಪತ್ತು ಗಂಟೆಯಿಂದ ಹದಿನೈದಕ್ಕೆ ಇಳಿದಿದ್ದರೂ ಆ ಲೆಕ್ಕದಲ್ಲಿ ಅವನು ಅರ್ಧವೇ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಎಂಬ ಅರ್ಥಶಾಸ್ತ್ರಜ್ಞರು ಸಂಬಳದ ಪುಸ್ತಕಗಳಲ್ಲಿದ್ದ ಗಂಟೆಗಳನ್ನು ಹಿಡಿದು ವಾದಕ್ಕಿಳಿದದ್ದು ಇದೇ ಸಂದಿಯಲ್ಲಿ.

ಗಂಟೆಯ ಪ್ರಶ್ನೆ ನೇರವಾಗಿ ಎದುರಾದದ್ದು ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ. ಗಂಟೆಗೆ 15 ಡಾಲರಿನ ಗುರಿ ಇಟ್ಟುಕೊಂಡು 2014ರಲ್ಲಿ ಅಲ್ಲಿನ ನಗರಾಡಳಿತ ಕಾನೂನು ಮಾಡಿತು. 2015ರ ಏಪ್ರಿಲ್‌ನಲ್ಲಿ ದೊಡ್ಡ ಕಂಪನಿಗಳಿಗೆ 11 ಡಾಲರ್, 2016ರ ಜನವರಿಯಲ್ಲಿ 13 ಡಾಲರ್. ಮರುವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ವರದಿ ಹೊರತಂದಿತು: ಕಡಿಮೆ ಕೂಲಿಯ ಕೆಲಸಗಳಲ್ಲಿ ಗಂಟೆಯ ದರ ಶೇಕಡ 3ರಷ್ಟು ಏರಿದೆ, ಗಂಟೆಗಳು ಶೇಕಡ 9ರಷ್ಟು ಇಳಿದಿವೆ, ಒಟ್ಟಿನಲ್ಲಿ ಅಂಥ ಕೆಲಸಗಾರರಿಗೆ ತಿಂಗಳಿಗೆ ಸರಾಸರಿ 125 ಡಾಲರ್ ಖೋತಾ. ಏರಿಕೆಯ ವಿರೋಧಿಗಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದೇ ದಿನಗಳಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹೋಟೆಲ್ ಉದ್ಯಮವನ್ನು ನೋಡಿ, ಕೂಲಿ ಏರಿದೆ, ಕೆಲಸ ಹೋಗಿಲ್ಲ ಎಂದರು. ಮೊದಲ ವರದಿಯಲ್ಲಿ ದೊಡ್ಡ ಕೊರತೆಯೂ ಇತ್ತು: ಹಲವು ಶಾಖೆಗಳಿರುವ ಕಂಪನಿಗಳು ಅದರ ಲೆಕ್ಕಕ್ಕೇ ಸಿಕ್ಕಿರಲಿಲ್ಲ.

ನನಗೆ ಮುಖ್ಯವೆನಿಸುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಅದೇ ತಂಡ 2018ರಲ್ಲಿ ಬರೆದ ಎರಡನೆಯ ಪ್ರಬಂಧ. ಈ ಸಲ ಅವರು ಸರಾಸರಿಯನ್ನು ಬಿಟ್ಟು ಒಬ್ಬೊಬ್ಬ ಕೆಲಸಗಾರನ ಜಾಡು ಹಿಡಿದರು. ಅನುಭವಿಗಳಿಗೆ ಲಾಭವಾಗಿತ್ತು. ಅನುಭವ ಕಡಿಮೆ ಇದ್ದವರಿಗೆ ದರ ಏರಿದಷ್ಟೇ ಗಂಟೆ ಇಳಿದು, ಕೈಗೆ ಬರುವ ಹಣ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿದಿತ್ತು. ಹೊಸಬರು ಕೆಲಸಕ್ಕೆ ಸೇರುವುದು ಕಡಿಮೆಯಾಗಿತ್ತು. ಅನುಭವಿಗಳ ಲಾಭದಲ್ಲೂ ಒಂದು ಪಾಲು, ನಗರದಲ್ಲಿ ತಪ್ಪಿದ ಗಂಟೆಗಳನ್ನು ಅವರು ನಗರದಾಚೆ ದುಡಿದು ತುಂಬಿಕೊಂಡದ್ದು. ಒಂದೇ ಕಾನೂನು, ಒಂದೇ ಅಡುಗೆಮನೆಯಲ್ಲಿ ನಿಂತ ಇಬ್ಬರಿಗೆ ಎರಡು ಫಲ ಕೊಟ್ಟಿತ್ತು. ಇಷ್ಟು ಸೂಕ್ಷ್ಮವಾಗಿ ನೋಡಲು ಅವರಿಗೆ ಸಾಧ್ಯವಾದದ್ದಕ್ಕೆ ಕಾರಣ ಇಷ್ಟೇ: ವಾಷಿಂಗ್ಟನ್ ರಾಜ್ಯದಲ್ಲಿ ನಿರುದ್ಯೋಗ ವಿಮೆಗಾಗಿ ಮಾಲೀಕರು ಪ್ರತಿ ಕೆಲಸಗಾರನ ಸಂಬಳದ ಜೊತೆಗೆ ದುಡಿದ ಗಂಟೆಗಳನ್ನೂ ಸರ್ಕಾರಕ್ಕೆ ಬರೆದುಕೊಡಬೇಕು. ಅಮೆರಿಕದಲ್ಲೂ ಇಂಥ ರಾಜ್ಯಗಳು ಕೆಲವೇ.

ಈಗ ನಮ್ಮ ಕಡೆಗೆ ಬರೋಣ. ಸಿಯಾಟಲ್‌ನ ಪಾಠವನ್ನು ಹಾಗೇ ಎತ್ತಿ ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಅಂಟಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅಲ್ಲಿನ ಕೂಲಿ ಗಂಟೆಯದು, ನಮ್ಮದು ದಿನದ್ದು, ತಿಂಗಳದ್ದು. ನಮ್ಮ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಒಂದು ಒಳ್ಳೆಯ ರಕ್ಷಣೆ ಇತ್ತು: ಮಾಲೀಕ ಕೆಲಸ ಒದಗಿಸದ ಕಾರಣಕ್ಕೆ ಕೆಲಸಗಾರ ಕಡಿಮೆ ಗಂಟೆ ದುಡಿದರೂ ಇಡೀ ದಿನದ ಕೂಲಿ ಸಲ್ಲಬೇಕು. ಆ ಕಾಯ್ದೆಯ ಜಾಗಕ್ಕೆ ಬಂದ ವೇತನ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಹಾಗಾಗಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿರುವವರ ದಿನವನ್ನು ಇಲ್ಲಿ ಕತ್ತರಿಸುವುದು ಸುಲಭವಲ್ಲ. ಕತ್ತರಿಸಲಾಗದ ದಿನವನ್ನು ಏನು ಮಾಡುತ್ತಾರೆ? ತುಂಬುತ್ತಾರೆ.

ಬೆಂಗಳೂರಿನ ಮೈಸೂರು ರಸ್ತೆಯ ಯಾವುದೇ ಗಾರ್ಮೆಂಟ್ಸ್ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. ಹೊಲಿಗೆ ಲೈನಿನ ತುದಿಯಲ್ಲಿ ಒಂದು ಬೋರ್ಡು ಇರುತ್ತದೆ. ಗಂಟೆಗೆ ಎಷ್ಟು ಪೀಸು ಆಗಬೇಕು, ಎಷ್ಟಾಯಿತು ಎಂದು ಅದರಲ್ಲಿ ಗಂಟೆಗಂಟೆಗೂ ಬರೆಯುತ್ತಾರೆ. ಕನಿಷ್ಠ ವೇತನದ ಜೊತೆ ಬರುವ ತುಟ್ಟಿಭತ್ಯೆ ಏರಿದ ಮೇಲೆ ಬೋರ್ಡಿನ ಸಂಖ್ಯೆಯೂ ಮೆಲ್ಲಗೆ ಏರುತ್ತದೆ ಎಂದು ಅಲ್ಲಿನ ಹೆಣ್ಣುಮಕ್ಕಳು ನನಗೆ ಹೇಳಿದ್ದಾರೆ. ‘ಸಂಬಳ ಜಾಸ್ತಿ ಮಾಡಿಲ್ವಾ, ಪ್ರೊಡಕ್ಷನ್ ಕೊಡಿ’ ಎಂಬುದು ಸೂಪರ್‌ವೈಸರ್ ಮಾತು. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಮಿಷನ್ ಮುಂದೆ ಕಳೆಯುತ್ತದೆ. ಟಾಯ್ಲೆಟ್ಟಿಗೆ ಏಳಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆರ್ಡರ್ ಇಲ್ಲದ ದಿನ ‘ಕಾಂಪ್ ಆಫ್’ ಎಂದು ಮನೆಗೆ ಕಳಿಸಿ, ಆರ್ಡರ್ ಬಂದ ಭಾನುವಾರ ಕರೆಸಿ ದುಡಿಸಿಕೊಳ್ಳುವುದೂ ಉಂಟು. ಡಬಲ್ ಓಟಿ ಬರಬೇಕಾದ ದಿನ ಮಾಮೂಲಿ ದಿನವಾಗಿ ಕಳೆದುಹೋಗುತ್ತದೆ. ಪೇಸ್ಲಿಪ್‌ನಲ್ಲಿ ದರ ಏರಿದ್ದು ಕಾಣುತ್ತದೆ. ಇದ್ಯಾವುದೂ ಕಾಣುವುದಿಲ್ಲ.

ಆ ಏರಿಕೆಯಾದರೂ ಎಷ್ಟು? 2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಸಲ್ಲಬೇಕಿದ್ದ ತುಟ್ಟಿಭತ್ಯೆಯ ಹೆಚ್ಚಳ ತಿಂಗಳಿಗೆ ಸುಮಾರು 417 ರೂಪಾಯಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 16, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 2 ರೂಪಾಯಿ. ಕೋವಿಡ್ ಕಾಲವೆಂದು ಸರ್ಕಾರ ಅದನ್ನು ಮುಂದೂಡಿತು. ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದವು. ಕೊಡಬೇಕೆಂದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೋರ್ಟು ಹೇಳಿತು. ಬಹಳಷ್ಟು ಕಾರ್ಖಾನೆಗಳಲ್ಲಿ ಬಾಕಿ ಕೈಗೆ ಬರುವ ಹೊತ್ತಿಗೆ 2022 ಬಂದಿತ್ತು. ಗಂಟೆಗೆ ಎರಡು ರೂಪಾಯಿಗಾಗಿ ಲಕ್ಷಾಂತರ ಹೆಣ್ಣುಮಕ್ಕಳು ಎರಡು ವರ್ಷ ಕಾದರು. ಈ ಸಣ್ಣ ಏರಿಕೆಯಿಂದ ಉದ್ಯಮ ಮುಳುಗುತ್ತದೆ ಎಂಬ ಮಾತನ್ನು ಇನ್ನಾದರೂ ಲೆಕ್ಕ ಇಟ್ಟುಕೊಂಡು ಆಡಬೇಕು.

ಕಾರ್ಖಾನೆಯ ಗೇಟಿನ ಹೊರಗೆ ಕತೆ ಬೇರೆ. ಕರಾವಳಿಯ ಬೀಡಿ ಕೆಲಸದಲ್ಲಿ ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ಗೊತ್ತಾಗುತ್ತದೆ. ಸಾವಿರದ ದರ ಏರಿತೆನ್ನಿ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ ಮತ್ತು ತಂಬಾಕನ್ನು ಕಡಿಮೆ ಕೊಟ್ಟರೆ ಆಯಿತು, ಅಥವಾ ವಾರದಲ್ಲಿ ಎರಡು ದಿನ ಕೊಡದಿದ್ದರೆ ಆಯಿತು. ಕಟ್ಟಿ ತಂದದ್ದರಲ್ಲಿ ಇನ್ನೊಂದಿಷ್ಟನ್ನು ಸರಿಯಿಲ್ಲ ಎಂದು ತೆಗೆದಿಟ್ಟರೂ ಆಯಿತು. ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಬೀಡಿ ಕಾರ್ಡು ಅವರ ಹತ್ತಿರವೇ ಇದೆ. ಮನೆಗೆಲಸವನ್ನೂ ನೋಡಿ. 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು, ಅದು ಹೆಮ್ಮೆಯ ಸಂಗತಿ. ಆದರೆ ಸಂಬಳ ಜಾಸ್ತಿ ಮಾಡಿ ಅಮ್ಮಾ ಎಂದು ಕೇಳಿದ ಮರುದಿನ, ‘ಪಾತ್ರೆ, ನೆಲ ಮಾಡಿಹೋಗು, ಬಟ್ಟೆಗೆ ಮಿಷನ್ ಇದೆ’ ಎಂಬ ಉತ್ತರ ಬರುತ್ತದೆ. ಸಿಯಾಟಲ್‌ಗೆ ಹತ್ತಿರವಾದದ್ದು ನಮ್ಮಲ್ಲಿ ಏನಾದರೂ ಇದ್ದರೆ ಈ ಬೀಡಿ ಬ್ರಾಂಚು ಮತ್ತು ಈ ಮನೆಗೆಲಸ.

ಗಂಟೆಯನ್ನು ಕತ್ತರಿಸುವ ಇನ್ನೊಂದು ಸಂಗತಿ ಇದೆ, ಅದು ಸರ್ಕಾರಗಳೇ ಎಳೆದ ಗೆರೆಗಳದ್ದು. ಜಪಾನಿನಲ್ಲಿ ವರ್ಷದ ಆದಾಯ 13 ಲಕ್ಷ ಯೆನ್ ದಾಟಿದರೆ ಗಂಡನ ಆಶ್ರಿತೆಯಾಗಿ ಸಿಗುವ ವಿಮಾ ಸೌಲಭ್ಯ ತಪ್ಪುತ್ತದೆ. ಅದರಿಂದ ಕೂಲಿದರ ಏರಿದಂತೆಲ್ಲ ಅರೆಕಾಲಿಕ ಮಹಿಳೆಯರು ವರ್ಷದ ಕೊನೆಗೆ ತಾವೇ ಗಂಟೆ ಇಳಿಸಿಕೊಳ್ಳುತ್ತಾರೆ. ಜರ್ಮನಿ ತನ್ನ ಸಣ್ಣ ಅರೆಕಾಲಿಕ ಕೆಲಸಗಳ ಆದಾಯ ಮಿತಿಯನ್ನು 2022ರ ಅಕ್ಟೋಬರ್‌ನಿಂದ ಕನಿಷ್ಠ ವೇತನಕ್ಕೇ ಕಟ್ಟಿ, ವಾರಕ್ಕೆ ಹತ್ತು ಗಂಟೆಯ ದುಡಿಮೆ ಯಾವಾಗಲೂ ಆ ಮಿತಿಯೊಳಗೇ ಇರುವಂತೆ ಮಾಡಿತು. ಆಸ್ಪತ್ರೆಯ ಸೌಲಭ್ಯ ಕೊಡುವ ನಮ್ಮ ಇಎಸ್ಐ ವಿಮೆಯ ಸಂಬಳ ಮಿತಿ 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿ. 2025ರ ಏಪ್ರಿಲ್‌ನಲ್ಲಿ ರಾಜ್ಯ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಬೆಂಗಳೂರಿನ ದರಗಳು ಆ ಗೆರೆಯನ್ನು ದಾಟಿದ್ದವು. ಸಂಬಳ ಹೆಚ್ಚಿತು, ಆಸ್ಪತ್ರೆ ತಪ್ಪಿತು ಎಂದಾದರೆ ದುಡಿಯುವ ತಾಯಿ ಏನು ಮಾಡಬೇಕು? ಮಿತಿಯನ್ನು ಕೂಲಿಯ ಜೊತೆಗೇ ಏರಿಸಲು ದೆಹಲಿಗೆ ಏನು ಕಷ್ಟ ಎಂಬುದನ್ನು ಇಲ್ಲಿರುವ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಚರ್ಚೆಗೆ ತರಬೇಕೆಂದು ಕೋರುತ್ತೇನೆ.

ಇನ್ನು ಕನಿಷ್ಠ ವೇತನ ಎಷ್ಟಿರಬೇಕು ಎಂಬುದಕ್ಕೆ 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕೊಟ್ಟ ಅಳತೆ ಎಲ್ಲರಿಗೂ ಗೊತ್ತಿದೆ: 2,700 ಕ್ಯಾಲರಿ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು. 1991ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮಕ್ಕಳ ಓದು, ಔಷಧಿಗಳಿಗೆಂದು ಶೇಕಡ 25ನ್ನು ಸೇರಿಸಿತು. ಇವೆಲ್ಲ ಒಬ್ಬರ ಮಾಮೂಲಿ ದಿನದ ದುಡಿಮೆಯಿಂದ ಸಿಗಬೇಕು ಎಂಬುದೇ ಅದರ ಆಶಯ. ಓಟಿ ಮಾಡಿದರೆ ಮಾತ್ರ ಸಂಸಾರ ಸಾಗುತ್ತದೆ ಎಂದಾದರೆ ಅದು ಕನಿಷ್ಠ ವೇತನವಲ್ಲ. ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟ 2023ರ ಕರ್ನಾಟಕದ ಕಾರ್ಖಾನೆ ತಿದ್ದುಪಡಿಯನ್ನು ಈ ಕಣ್ಣಿನಿಂದಲೂ ನೋಡಬೇಕು. ವಾರಕ್ಕೆ 48 ಗಂಟೆ ಎಂಬ ಮಿತಿ ಕಾಗದದ ಮೇಲೆ ಹಾಗೇ ಇದೆ, ನಿಜ. ಆದರೆ ಆ ಮಿತಿಯನ್ನು ಎಣಿಸುವವರು ಯಾರು?

ಪಿಎಫ್ ಚಲನ್‌ನಲ್ಲಿ ಸಂಬಳವಿಲ್ಲದ ದಿನಗಳ ಲೆಕ್ಕವಿದೆ. ಇಎಸ್ಐನಲ್ಲಿ ಸಂಬಳ ಕೊಟ್ಟ ದಿನಗಳ ಲೆಕ್ಕವಿದೆ. ಗಂಟೆಯ ಲೆಕ್ಕ ಎರಡರಲ್ಲೂ ಇಲ್ಲ. ಗೇಟಿನಲ್ಲಿ ಬೆರಳೊತ್ತುವ ಯಂತ್ರ ಒಳಬಂದ ನಿಮಿಷವನ್ನೂ ಹೊರಹೋದ ನಿಮಿಷವನ್ನೂ ಬರೆದಿಡುತ್ತದೆ; ಹತ್ತು ನಿಮಿಷ ತಡವಾದರೆ ಅದೇ ಲೆಕ್ಕ ಹಿಡಿದು ಸಂಬಳ ಮುರಿಯುತ್ತಾರೆ. ಆ ನಿಮಿಷಗಳನ್ನೇ ಕೂಡಿಸಿ, ತಿಂಗಳ ಚಲನ್‌ನಲ್ಲಿ ಒಂದು ಕಾಲಂ ಹೆಚ್ಚಿಸಿ, ದುಡಿದ ಗಂಟೆ ಮತ್ತು ಓಟಿ ಗಂಟೆಯನ್ನು ಬರೆಯಬೇಕು ಎಂಬುದು ನನ್ನ ಪ್ರಸ್ತಾಪ. ಪೇಸ್ಲಿಪ್‌ನಲ್ಲೂ ಅದು ಕನ್ನಡದಲ್ಲಿ ಅಚ್ಚಾಗಬೇಕು. ಬೀಡಿ ಬ್ರಾಂಚಿನಲ್ಲಿ ಕೊಟ್ಟ ಎಲೆ-ತಂಬಾಕಿನ ತೂಕ ಮತ್ತು ದಿನಗಳನ್ನು ಕಾರ್ಡಿನಲ್ಲಿ ಕಡ್ಡಾಯವಾಗಿ ಬರೆಯಬೇಕು. ಮನೆಗೆಲಸಕ್ಕೆ ಗಂಟೆಯ ದರವನ್ನೇ ಗೊತ್ತುಮಾಡಬೇಕು. ಗಂಟೆಯ ಲೆಕ್ಕದಲ್ಲಿ ಕನಿಷ್ಠ ಕೂಲಿ ನಿಗದಿ ಮಾಡಲು ವೇತನ ಸಂಹಿತೆ ಅವಕಾಶ ಕೊಡುತ್ತದೆ. ಇದು ಮೂರು ವರ್ಷ ನಡೆದರೆ ಇಲ್ಲಿ ಕೂತಿರುವ ವಿದ್ಯಾರ್ಥಿಗಳು ಸಿಯಾಟಲ್‌ನ ಅಂಕಿಗಳನ್ನು ಎರವಲು ತರುವ ಬದಲು ರಾಮನಗರದ್ದನ್ನು, ಬಂಟ್ವಾಳದ್ದನ್ನು ಇಟ್ಟುಕೊಂಡು ಪ್ರಬಂಧ ಬರೆಯಬಲ್ಲರು.

ನಾಳಿನ ಮೊದಲ ಗೋಷ್ಠಿಯಲ್ಲಿ ಗಾರ್ಮೆಂಟ್ಸ್, ಬೀಡಿ ಮತ್ತು ಮನೆಗೆಲಸದ ಹೆಣ್ಣುಮಕ್ಕಳು ಮಾತಾಡಲಿದ್ದಾರೆ. ಅವರ ಕೂಲಿ ತಪ್ಪಬಾರದೆಂದೇ ವ್ಯವಸ್ಥಾಪಕರು ಆ ಗೋಷ್ಠಿಯನ್ನು ಭಾನುವಾರಕ್ಕೆ ಇಟ್ಟಿದ್ದಾರೆ. ಆ ಹೆಣ್ಣುಮಕ್ಕಳನ್ನು ಕಾನೂನಿನ ಬಗ್ಗೆ ಅಭಿಪ್ರಾಯ ಕೇಳುವುದಕ್ಕಿಂತ ಮುಂಚೆ, ಕಳೆದ ಸಲ ಕೂಲಿ ಏರಿದ ಮೇಲೆ ನಿಮ್ಮ ದಿನದಲ್ಲಿ ಏನೇನು ಬದಲಾಯಿತು ಎಂದು ಕೇಳಿ, ಬೆಳಗಿನಿಂದ ರಾತ್ರಿಯವರೆಗೆ, ಗಂಟೆಗಂಟೆಯದನ್ನೂ ಬರೆದುಕೊಳ್ಳಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವವರು ಆ ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡೇ ತಮ್ಮ ಕೋಷ್ಟಕಗಳನ್ನು ತೆರೆಯಲಿ.