ಗೋಡೆಗೆ ಏರುವ ತೇವ



ಈ ಹೊತ್ತು ನಾನು ಬೆಳೆಯ ವಿಚಾರ ಎತ್ತುವುದಿಲ್ಲ. ಬೆಳೆ ಬಂದು ಸೇರುವ ಮನೆಯ ವಿಚಾರ ಹೇಳುತ್ತೇನೆ. ಹೊಲದಲ್ಲಿ ಹುಳಕ್ಕೆ ಹೆದರುತ್ತೇವೆ, ಕಣದಲ್ಲಿ ಮಳೆಗೆ ಹೆದರುತ್ತೇವೆ. ಮೂಟೆ ಒಳಕ್ಕೆ ಬಂತು ಅಂದರೆ ಇನ್ನು ಚಿಂತೆಯಿಲ್ಲ ಅಂದುಕೊಳ್ಳುತ್ತೇವೆ. ಆದರೆ ಆ ಮೂಟೆ ಒರಗಿಸಿದ ಗೋಡೆಯೇ ಒದ್ದೆಯಾಗಿದ್ದರೆ?

ಒಂದು ಮನೆಯ ಮಾತು ಕೇಳಿ. ಬಯಲುಸೀಮೆಯ ಹಳೇ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ನಡುಮನೆಯ ಗೋಡೆಗೆ ಬಿತ್ತನೆ ಶೇಂಗಾ ಒರಗಿಸಿಟ್ಟಿದ್ದರು. ಬಿತ್ತುವ ಹೊತ್ತಿಗೆ ಬಿಚ್ಚಿ ನೋಡಿದರೆ ಗೋಡೆ ಕಡೆಯ ಕಾಯೆಲ್ಲ ಬೂಷ್ಟು. ಯಜಮಾನರು ಸಾಲ ಮಾಡಿ ಸೊಂಟದೆತ್ತರಕ್ಕೆ ಸಿಮೆಂಟ್ ಬಳಿಸಿದರು. ಒಂದು ವರ್ಷ ಗೋಡೆ ಚೆನ್ನಾಗೇ ಕಂಡಿತು. ಎರಡನೇ ಮಳೆಗಾಲಕ್ಕೆ ತೇವ ಸಿಮೆಂಟನ್ನೂ ದಾಟಿ ಎದೆಯೆತ್ತರದಲ್ಲಿ ಕಾಣಿಸಿತು. ತಟ್ಟಿದರೆ ಟೊಳ್ಳು ಸದ್ದು. ಒಂದು ತುಂಡು ಕಿತ್ತರೆ ಒಳಗಿನ ಮಣ್ಣು ಕಲಸಿದ ಹಿಟ್ಟಿನ ಹಾಗೆ ಕೈಗೆ ಬಂತು. ಆ ಗೋಡೆಯ ಬುಡದಲ್ಲೇ ಮಕ್ಕಳು ಮಲಗುತ್ತಿದ್ದರು!

ಹೀಗೇಕಾಯಿತು? ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವುದಿಲ್ಲವೇ? ಮಣ್ಣು, ಇಟ್ಟಿಗೆ, ಗಾರೆ ಇವೂ ಹಾಗೆಯೇ ನೆಲದ ನೀರನ್ನು ಹೀರುತ್ತವೆ. ಏರಿದ ನೀರು ಗೋಡೆಯ ಮೈಯಿಂದ ಗಾಳಿಗೆ ಆರಿಹೋಗಬೇಕು. ಸಿಮೆಂಟ್ ಬಳಿದರೆ ಆರುವ ದಾರಿ ಮುಚ್ಚುತ್ತದೆ. ದಾರಿ ಕಾಣದ ನೀರು ಇನ್ನಷ್ಟು ಮೇಲೇರುತ್ತದೆ, ಒಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಮೊದಲ ಮಾತು: ತೇವವನ್ನು ಮುಚ್ಚಬೇಡಿ, ಅದು ಬರುವ ದಾರಿ ಹುಡುಕಿ.

ಎಲ್ಲ ತೇವವೂ ನೆಲದಿಂದ ಬಂದದ್ದಲ್ಲ. ಕಲೆ ಮೇಲಿನಿಂದ ಇಳಿದಿದ್ದರೆ ಹೆಂಚು ನೋಡಿ. ಮಳೆ ಹೊಡೆಯುವ ಒಂದೇ ಪಕ್ಕದಲ್ಲಿದ್ದರೆ ಅದು ಇರಚಲು. ನೆಲದ ತೇವ ಬುಡದಿಂದ ಶುರುವಾಗಿ ಮೊಣಕಾಲಿಗೋ ಸೊಂಟಕ್ಕೋ ಬಂದು, ಪಟ್ಟಿ ಎಳೆದ ಹಾಗೆ ನಿಲ್ಲುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ಅಡಿ ದಾಟುವುದಿಲ್ಲ. ಆ ಪಟ್ಟಿಯಲ್ಲಿ ಬಿಳಿ ಉಪ್ಪು ಅರಳಿರುತ್ತದೆ, ಸುಣ್ಣ ಹಕ್ಕಳೆ ಏಳುತ್ತದೆ. ಇನ್ನೂ ಅನುಮಾನವೇ? ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಟ್ಟಿದರೆ ತೇವ ಗೋಡೆಯದು. ಮುಂದೆ ಕಟ್ಟಿದರೆ ಕೋಣೆಯ ಗಾಳಿಯದು, ಕಿಟಕಿ ತೆರೆಯಿರಿ.

ನೆಲದ ತೇವ ಅಂತ ಖಾತ್ರಿಯಾದ ಮೇಲೆ ಮನೆಯನ್ನು ಒಂದು ಸುತ್ತು ಬನ್ನಿ, ಮಳೆ ಬರುವಾಗಲೇ ಬನ್ನಿ. ಬಚ್ಚಲ ನೀರು ಎಲ್ಲಿ ನಿಲ್ಲುತ್ತದೆ? ಸೂರಿನ ನೀರು ಎಲ್ಲಿ ಬೀಳುತ್ತದೆ? ತಿಪ್ಪೆಯೋ ಮಣ್ಣಿನ ಗುಡ್ಡೆಯೋ ಗೋಡೆಗೆ ಒರಗಿದೆಯೇ? ಬೀದಿಗೆ ಕಾಂಕ್ರೀಟ್ ಹಾಕಿ ಹಾಕಿ ರಸ್ತೆಯೇ ನಿಮ್ಮ ನೆಲಕ್ಕಿಂತ ಎತ್ತರವಾಗಿದೆಯೇ? ಗೋಡೆಯ ಆಚೆ ಕೊಟ್ಟಿಗೆ ಇದೆಯೇ? ಗಂಜಲ ಇಂಗಿದ ಗೋಡೆ ಬಲು ಹಟಮಾರಿ, ಏಕೆಂದರೆ ನೀರಿನ ಜತೆಗೆ ಉಪ್ಪೂ ಏರುತ್ತದೆ. ಆ ಉಪ್ಪು ಮಳೆಗಾಲದ ಗಾಳಿಯಿಂದಲೂ ನೀರು ಹೀರಿಕೊಂಡು ಗೋಡೆಯನ್ನು ಬೆವರಿಸುತ್ತದೆ.

ಇನ್ನು ರಿಪೇರಿ. ಸುಗ್ಗಿ ಮುಗಿದು ಬಿಸಿಲು ಬಲಿಯುವ ಕಾಲ ಇದಕ್ಕೆ ಒಳ್ಳೆಯದು.

ಮೊದಲು ನೀರನ್ನು ದೂರ ಕಳಿಸಿ. ಹೊರಗೆ ಏರಿದ ಮಣ್ಣನ್ನು ತೆಗೆದು, ಮನೆಯ ಒಳನೆಲಕ್ಕಿಂತ ಹೊರನೆಲ ಕೆಳಗಿರುವಂತೆ ಮಾಡಿ. ಆದರೆ ಅಡಿಪಾಯದ ಪಕ್ಕದಲ್ಲಿ ಆಳಕ್ಕೆ ಅಗೆಯಬೇಡಿ, ಗೋಡೆ ಜರುಗೀತು. ಸೂರಿನ ನೀರು ಬೀಳುವಲ್ಲಿ ಮೂರಡಿ ಅಗಲಕ್ಕೆ ಚಪ್ಪಡಿ ಹಾಸಿ, ಹೊರಗಡೆಗೆ ಎರಡು ಅಂಗುಲ ಇಳಿಜಾರು ಕೊಡಿ. ಬಚ್ಚಲ ನೀರನ್ನು ಕೊಳವೆಯಲ್ಲಿ ಹಿತ್ತಲಿನ ಬಾಳೆಗಿಡಕ್ಕೆ ಬಿಡಿ. ಕೊಟ್ಟಿಗೆಯಲ್ಲಿ ಗಂಜಲದ ಕಾಲುವೆ ಗೋಡೆಯಿಂದ ದೂರ ಹರಿದು ಗೊಬ್ಬರದ ಗುಂಡಿ ಸೇರಲಿ. ಗೋಡೆಯೂ ಉಳಿಯುತ್ತದೆ, ಗೊಬ್ಬರವೂ ಬಲಿಯುತ್ತದೆ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಮುಕ್ಕಾಲು ಕಾಯಿಲೆ ವಾಸಿಯಾಗುತ್ತದೆ.

ಎರಡನೆಯದು, ಕೆಟ್ಟ ಗಿಲಾವು ಕೀಳುವುದು. ತೇವದ ಪಟ್ಟಿಯಿಂದ ಇನ್ನೊಂದಡಿ ಮೇಲಿನವರೆಗೆ ಕಿತ್ತುಹಾಕಿ. ಉಪ್ಪನ್ನು ಒಣ ಪೊರಕೆಯಿಂದ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಸೇರುತ್ತದೆ. ಉದುರಿದ ಮಣ್ಣನ್ನು ಪುನಃ ಕಲಸಿ ಬಳಿಯಬೇಡಿ, ದೂರ ಸುರಿಯಿರಿ.

ಆದರೆ ಎಚ್ಚರ! ಗೋಡೆ ಉಬ್ಬಿದ್ದರೆ, ಬುಡ ತಿಂದುಹೋಗಿದ್ದರೆ, ಉದ್ದ ಬಿರುಕು ಬಿಟ್ಟಿದ್ದರೆ ನೀವೇ ಕೈ ಹಾಕಬೇಡಿ. ಮಾಡಿಗೆ ಆನಿಕೆ ಕೊಟ್ಟು, ಅನುಭವಸ್ಥ ಗಾರೆಯವರಿಂದ ಎರಡೆರಡು ಅಡಿ ಬಿಟ್ಟು ಬಿಟ್ಟು ಬುಡ ಕಟ್ಟಿಸಿ. ಅಲ್ಲಿಯವರೆಗೆ ಆ ಗೋಡೆಯ ಹತ್ತಿರ ಯಾರೂ ಮಲಗಬಾರದು. ಮಳೆಗಾಲದ ರಾತ್ರಿ ಗೋಡೆ ಕುಸಿದ ಸುದ್ದಿಯನ್ನು ನಾವು ವರ್ಷ ವರ್ಷ ಕೇಳುತ್ತೇವೆ.

ಮೂರನೆಯದು ತಾಳ್ಮೆ. ಗೋಡೆ ಒಂದು ಅಂಗುಲ ಒಣಗಲು ಸುಮಾರು ಒಂದು ತಿಂಗಳು ಎಂಬುದು ಅನುಭವಸ್ಥರ ಲೆಕ್ಕ. ಒದ್ದೆಯ ಅಂಚಿಗೆ ಇದ್ದಿಲಿನಿಂದ ಗೆರೆ ಎಳೆದು ತಿಂಗಳಿಗೊಮ್ಮೆ ನೋಡಿ. ತೇವ ಗೆರೆಯಿಂದ ಕೆಳಗಿಳಿಯುತ್ತಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಅದು ಒಣಗಿದ ಮೇಲೆ ಮಣ್ಣಿನ ಗೋಡೆಗೆ ಹುಲ್ಲು ಕತ್ತರಿಸಿ ಸೇರಿಸಿದ ಮಣ್ಣನ್ನೇ ಮೆತ್ತಿ. ಇಟ್ಟಿಗೆ, ಕಲ್ಲಿನ ಗೋಡೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಸಾಕು. ಮೇಲೆ ಸುಣ್ಣವನ್ನೇ ಬಳಿಯಿರಿ. ಎಣ್ಣೆ ಬಣ್ಣ ಬೇಡ. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿಡಿ, ಅದು ಕಣ್ಣಿಗೆ ಅಪಾಯ.

ಹೊಸ ಮನೆ ಕಟ್ಟುವವರು ಇದನ್ನೆಲ್ಲ ಮೊದಲೇ ತಪ್ಪಿಸಬಹುದು. ತಳಪಾಯವನ್ನು ನೆಲದಿಂದ ಒಂದೂವರೆ ಅಡಿಯಾದರೂ ಎತ್ತರಿಸಿ. ಅದರ ಮೇಲೆ, ಗೋಡೆ ಏಳುವ ಮುಂಚೆ, ಗೋಡೆಯ ಪೂರಾ ಅಗಲಕ್ಕೆ ಒಂದೂವರೆ ಅಂಗುಲ ದಪ್ಪದ ಗಟ್ಟಿ ಕಾಂಕ್ರೀಟ್ ಪಟ್ಟಿ ಹಾಕಿಸಿ, ಅದು ಒಣಗಿದ ಮೇಲೆ ಬಿಸಿ ಡಾಂಬರು ಬಳಿಸಿ. ಎಲ್ಲೂ ಸಂದು ಬಿಡಬಾರದು. ಅಂದಿನ ಒಂದು ದಿನದ ಕೆಲಸ ಮುಂದಿನ ಪೀಳಿಗೆಗೂ ಉಪಕಾರ.

ಕೊನೆಗೆ ತಾಯಂದಿರಿಗೆ ಒಂದು ಮಾತು. ಗೋಡೆ ಒಣಗುವವರೆಗೂ, ಒಣಗಿದ ಮೇಲೂ, ಮೂಟೆಯನ್ನು ಮರದ ಹಲಗೆಯ ಮೇಲಿಡಿ, ಗೋಡೆಯಿಂದ ಒಂದಡಿ ದೂರವಿಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗದು. ಅಂಥದನ್ನು ಮಕ್ಕಳಿಗೂ ಕೊಡಬೇಡಿ, ದನಕ್ಕೂ ಹಾಕಬೇಡಿ.

ನಾಳೆ ಬೆಳಗ್ಗೆ ಹಿತ್ತಲಿಗೆ ಹೋದಾಗ ಬಚ್ಚಲ ನೀರು ಯಾವ ಕಡೆ ಹರಿಯುತ್ತಿದೆ, ಒಮ್ಮೆ ನೋಡಿ. ರಿಪೇರಿ ಅಲ್ಲಿಂದಲೇ ಶುರುವಾಗಲಿ.