ಕೊಕ್ಕೆಹುಳುವೂ ಮನುಷ್ಯದೇಹವೂ



ಫ್ರೀಮಾಂಟಿನ ಈ ಸಭಾಂಗಣದಲ್ಲಿ ನಮ್ಮ ಮಕ್ಕಳು ಅಣಿಗೊಳಿಸಿರುವ ವಿಜ್ಞಾನ ವಸ್ತುಪ್ರದರ್ಶನವನ್ನು ಉದ್ಘಾಟಿಸುವ ಗೌರವ ನನ್ನದಾಗಿದೆ. ಮಂಗಳಕಾರ್ಯದ ಆರಂಭದಲ್ಲಿಯೇ ಹುಳುವಿನ ಮಾತೇಕೆಂದು ಹಿರಿಯರಾರಾದರೂ ಮುಖ ಸಿಂಡರಿಸಬಹುದಾದರೂ, ಪ್ರದರ್ಶನದ ವಿಷಯವೇ ಜಂತುಹುಳು ಮತ್ತು ಅದನ್ನೆದುರಿಸುವ ದೇಹಶಕ್ತಿಯಾಗಿರುವುದರಿಂದ ಆ ಅಪಚಾರಕ್ಕೆ ನಾನು ಹೊಣೆಯಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಈ ಕೊಲ್ಲಿಗೂ ಜಂತುಗಳಲ್ಲೊಂದಾದ ಕೊಕ್ಕೆಹುಳುವಿಗೂ ಹಳೆಯ ನಂಟುಂಟು. ಕೊಲ್ಲಿಯ ನಡುವಿನ ಏಂಜಲ್ ದ್ವೀಪದ ವಲಸೆಠಾಣೆ ತೆರೆದ 1910ನೆಯ ಇಸವಿಯಲ್ಲಿಯೇ ಕೊಕ್ಕೆಹುಳು ಅಮೆರಿಕದ ವಲಸೆ ಅಧಿಕಾರಿಗಳ ಅಪಾಯಕರ ಸಾಂಕ್ರಾಮಿಕಗಳ ಪಟ್ಟಿಗೆ ಸೇರಿತು. ಹಡಗಿಳಿದ ಪಂಜಾಬಿನ ರೈತನ ಮಲದಲ್ಲಿ ಅದರ ಮೊಟ್ಟೆ ಗೋಚರಿಸಿದರೆ, ಆತನಿಗೆ ಪ್ರವೇಶ ನಿರಾಕರಿಸಲು ಅಷ್ಟೇ ಸಾಕಾಗುತ್ತಿದ್ದಿತು. ಅದೇ ಕಾಲದಲ್ಲಿ, ಉದ್ಯಮಿ ರಾಕ್‌ಫೆಲ್ಲರನು 1909ರಲ್ಲಿ ಕೊಟ್ಟ ಹತ್ತು ಲಕ್ಷ ಡಾಲರುಗಳಿಂದ ಸ್ಥಾಪಿತವಾದ ಆಯೋಗವು, ಇದೇ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಅದೇ ಹುಳುವಿನಿಂದ ಬಳಲುತ್ತಿದ್ದ ಪ್ರಜೆಗಳನ್ನು ಹುಡುಕಿಕೊಂಡು ಹೋಗಿ ಔಷಧವೀಯುತ್ತಿದ್ದಿತು. ಒಬ್ಬನಿಗೆ ಚಿಕಿತ್ಸೆ, ಮತ್ತೊಬ್ಬನಿಗೆ ಬಹಿಷ್ಕಾರ: ಈ ಭೇದದಲ್ಲಿ ವೈದ್ಯಶಾಸ್ತ್ರದ ಪಾಲು ಅತ್ಯಲ್ಪವೆಂದೇ ನನ್ನ ಅಭಿಪ್ರಾಯ.

ತೇವದ ಮಣ್ಣಿನಲ್ಲಿ ಬರಿಗಾಲಿನಿಂದ ದುಡಿಯುವವನ ಅಂಗಾಲಿನ ಚರ್ಮವನ್ನು ಕೊರೆದು ಒಳಹೊಗುವ ಮರಿಹುಳು, ರಕ್ತದೊಡನೆ ಶ್ವಾಸಕೋಶವನ್ನು ಸೇರಿ, ಗಂಟಲವರೆಗೆ ಏರಿ, ಅವನಿಗರಿವಿಲ್ಲದೆಯೇ ನುಂಗಲ್ಪಟ್ಟು, ಸಣ್ಣಕರುಳಿನಲ್ಲಿ ಸುಮಾರು ಒಂದು ಸೆಂಟಿಮೀಟರು ಬೆಳೆದು, ವರ್ಷಗಟ್ಟಲೆ ರಕ್ತ ಹೀರುತ್ತ ನೆಲಸುತ್ತದೆ. ಬ್ಯಾಕ್ಟೀರಿಯವನ್ನಾದರೆ ಬಿಳಿರಕ್ತಕಣವು ನುಂಗಿಬಿಡುತ್ತದೆ. ಉದ್ದದಲ್ಲಿಯೇ ತನಗಿಂತ ಸಾವಿರ ಪಾಲು ಮಿಗಿಲಾದ ವೈರಿಯನ್ನು ನುಂಗುವುದೆಂತು? ದೇಹಕ್ಕೆ ಬೇರೆಯೇ ಉಪಾಯ ಬೇಕು. ಅದರ ಮುಖ್ಯ ಸುಳಿವುಗಳಲ್ಲಿ ಕೆಲವು ಈ ಕೊಲ್ಲಿಯ ದಡದಲ್ಲಿಯೇ ದೊರೆತವು. ಪಾಲೊ ಆಲ್ಟೊದ ಡಿಎನ್‌ಎಎಕ್ಸ್ ಸಂಸ್ಥೆಯಲ್ಲಿ ಮಾಸ್ಮನ್ ಮತ್ತು ಕಾಫ್‌ಮನ್ ಎಂಬ ವಿಜ್ಞಾನಿಗಳು, ದೇಹರಕ್ಷಣೆಯನ್ನು ನಿರ್ದೇಶಿಸುವ ಸಹಾಯಕ ಟಿ-ಕೋಶಗಳಲ್ಲಿ, ಇಲಿಯ ದೇಹದಲ್ಲಿ, ಎರಡು ಬಗೆಯಿರುವುದನ್ನು 1986ರಲ್ಲಿ ತೋರಿಸಿದರು. ಹುಳುವಿನೆದುರು ನಿಲ್ಲುವುದು ಎರಡನೆಯ ಬಗೆ. ಆದರೆ ಹುಳು ಬಂದುದನ್ನು ಮೊದಲು ಅರಿಯುವವರಾರು? ಕರುಳಿನ ಒಳಪದರದಲ್ಲಿ ನೆತ್ತಿಯ ಮೇಲೆ ಕುಚ್ಚು ಧರಿಸಿದ ಟಫ್ಟ್ ಕೋಶಗಳೆಂಬ ವಿರಳ ಕೋಶಗಳಿವೆ; ಇವನ್ನು ಕಂಡು ದಶಕಗಳು ಕಳೆದರೂ ಇವು ಏಕಿರುವುವೆಂಬುದು ತಿಳಿದಿರಲಿಲ್ಲ. ಹುಳುವಿನ ಆಗಮನವನ್ನರಿತು ಐಎಲ್-25 ಎಂಬ ಸಂಕೇತವನ್ನು ಹೊರಡಿಸುವುದು ಇವೇ ಎಂದು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿಚರ್ಡ್ ಲಾಕ್ಸ್‌ಲಿಯವರ ತಂಡವೂ ಬೇರೆ ಪ್ರಯೋಗಶಾಲೆಗಳೂ 2016ರಲ್ಲಿ ಇಲಿಗಳಲ್ಲಿ ತೋರಿಸಿದುವು. ಆ ಸಂಕೇತಕ್ಕೆ ಓಗೊಟ್ಟ ಕೆಳಪದರದ ಕೋಶಗಳು ಐಎಲ್-13 ಎಂಬ ಮತ್ತೊಂದು ಸಂಕೇತವನ್ನು ಸ್ರವಿಸಲು, ಲೋಳೆ ಉಕ್ಕುತ್ತದೆ, ಕರುಳಿನ ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಅಂಗಳಕ್ಕೆ ನೀರು ಹೊಯ್ದು ಕಸ ಗುಡಿಸುವಂತೆ, ಕೊಲ್ಲಲಾಗದುದನ್ನು ದೇಹ ತೊಳೆದು ಹೊರಗಟ್ಟುತ್ತದೆ.

ಇಲಿಯ ಕರುಳಿನಲ್ಲಿ ಇದು ಎರಡು ವಾರಗಳೊಳಗೆ ಮುಗಿಯುವುದುಂಟು. ಮನುಷ್ಯನ ಕೊಕ್ಕೆಹುಳುವಾದರೋ ನಮ್ಮ ರಕ್ಷಣಾಶಕ್ತಿಯನ್ನೇ ಮಂಕುಗೊಳಿಸುವ ದ್ರವ್ಯಗಳನ್ನು ಸ್ರವಿಸಿ ಉಳಿದುಬಿಡುತ್ತದೆ. ದೇಹವೂ ಕೋಪವನ್ನು ತಗ್ಗಿಸಿಕೊಂಡು ಅದರೊಡನೆ ಹೇಗೋ ಬಾಳುತ್ತದೆ. 1966ರಲ್ಲಿ ಇಶಿಜಾಕಾ ದಂಪತಿಗಳು ವರದಿ ಮಾಡಿದ ಐಜಿಇ ಎಂಬ ಪ್ರತಿಕಾಯವೂ ಹುಳುವಿನೆದುರು ಹೆಚ್ಚುವಂಥದೇ. ಪ್ರತಿ ವಸಂತದಲ್ಲಿ ಇಲ್ಲಿಯ ಪರಾಗಕ್ಕೆ ನಮ್ಮಲ್ಲಿ ಹಲವರನ್ನು ಸೀನಿಸುವುದೂ ಅದೇ. ಹಾಗೆಂದು, ರಕ್ಷಣೆಯನ್ನು ಮಂಕುಗೊಳಿಸುವ ಹುಳುವೇ ಅಲರ್ಜಿಗೆ ಮದ್ದೆಂದು ಸಾರುವವರ ಉತ್ಸಾಹಕ್ಕೆ ತಕ್ಕ ಫಲವನ್ನು ಪ್ರಯೋಗಗಳು ಇದುವರೆಗೆ ಕೊಟ್ಟಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಮಕ್ಕಳು ಅಗಿಯುವ ಆಲ್ಬೆಂಡಜೋಲ್ ಮಾತ್ರೆಯನ್ನು, ಹುಳು ತಂದ ರಕ್ತಹೀನತೆಯಿಂದ ಬಿಳಿಚಿಕೊಂಡ ಒಂದು ಮಗುವನ್ನು ಕಂಡವರಾರೂ ಹಗುರಾಗಿ ಕಾಣಲಾರರು.

ಎಡಗಡೆಯ ಮೇಜಿನ ಸೂಕ್ಷ್ಮದರ್ಶಕದಡಿಯಲ್ಲಿ ಕೊಕ್ಕೆಹುಳುವಿನ ಬಾಯಿಯನ್ನು ಇಟ್ಟಿದ್ದಾರೆ. ಅದರ ಹಲ್ಲುಗಳನ್ನು ಮಕ್ಕಳೇ ಮೊದಲು ನೋಡಲಿ, ಹಿರಿಯರು ಸಾಲಿನಲ್ಲಿ ನಿಲ್ಲತಕ್ಕದ್ದು. ಪ್ರದರ್ಶನವು ಉದ್ಘಾಟಿತವಾಯಿತೆಂದು ಸಂತೋಷದಿಂದ ಘೋಷಿಸುತ್ತೇನೆ.